ಮೀಸಲಪ್ಪನ ಹನ್ನೆರಡು ವಾಷರುಗಳು

ಮಾರ್ಚ್ ಒಂಬತ್ತು, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಹದಿನಾರು ನಿಮಿಷಕ್ಕೆ ಮೀಸಲಪ್ಪ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತಿದ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಆಮೇಲೆ ನಡೆದದ್ದಕ್ಕೆಲ್ಲ ಆ ಅಂಗಡಿಯ ರಸೀದಿಯೇ ಮೂಲ ದಾಖಲೆಯಾಯಿತು, ಅದರ ಮೇಲೆ ಗಂಟೆ ನಿಮಿಷ ಎರಡೂ ಅಚ್ಚಾಗಿದ್ದವು.

ಮೀಸಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಅವನು ದೇಶದ ಕೇಂದ್ರ ಬ್ಯಾಂಕಿನ ವಿದೇಶಿ ವಿನಿಮಯ ಮೀಸಲು ವಿಭಾಗದಲ್ಲಿ, ಕಿಟಕಿಯಿಂದ ಮೂರನೆಯ ಮೇಜಿನ ಗುಮಾಸ್ತ. ಬೀದಿಯವರ ಕಲ್ಪನೆಯಲ್ಲಿ ದೇಶದ ಡಾಲರ್ ಪೆಟ್ಟಿಗೆಯ ಬೀಗದ ಕೈ ಅವನ ಜೇಬಿನಲ್ಲಿತ್ತು. ನಿಜ ಹೇಳಬೇಕೆಂದರೆ ಅವನು ಒಂದು ಡಾಲರ್ ನೋಟನ್ನೂ ಕೈಯಲ್ಲಿ ಹಿಡಿದವನಲ್ಲ. ಅವನ ಕೆಲಸ ಒಂದು ಕೋಷ್ಟಕ ತುಂಬುವುದು: ದೇಶದ ಮೀಸಲಿನಿಂದ ಮುಂದಿನ ಒಂದು ವರ್ಷದಲ್ಲಿ ಎಷ್ಟು ಡಾಲರ್ ಹೊರಗೆ ಹರಿದುಹೋಗಲಿದೆ ಎಂಬ ಕೋಷ್ಟಕ. ಅದಕ್ಕೆ ಮೂರು ಕಾಲಂ. ಒಂದು ತಿಂಗಳೊಳಗೆ ಹೋಗುವುದು ಮೊದಲನೆಯದು. ಒಂದರಿಂದ ಮೂರು ತಿಂಗಳೊಳಗಿನದು ಎರಡನೆಯದು. ಮೂರರಿಂದ ಹನ್ನೆರಡು ತಿಂಗಳಿನದು ಮೂರನೆಯದು. ಎಲ್ಲವೂ ಮಿಲಿಯನ್ ಲೆಕ್ಕದಲ್ಲಿ, ಅಂದರೆ ಹತ್ತು ಲಕ್ಷಕ್ಕೆ ಒಂದು. ಬಿಂದುವಿನ ಬಲಗಡೆ ಒಂದೇ ಅಂಕಿ.

ಹದಿನೇಳು ವರ್ಷ ಈ ಮೂರು ಕಾಲಂಗಳನ್ನು ತುಂಬಿ ತುಂಬಿ ಅವನ ತಲೆಯೂ ಅದೇ ಆಕಾರಕ್ಕೆ ಬಂದಿತ್ತು. ಮನೆಯಲ್ಲಿ ಯಾರು ಏನು ಕೇಳಿದರೂ ಅದನ್ನು ಯಾವುದಾದರೊಂದು ಕಾಲಂಗೆ ಹಾಕಿ ನೆಮ್ಮದಿಯಿಂದ ಪೇಪರ್ ಓದುತ್ತಿದ್ದ. ಅಡುಗೆಮನೆಯ ನಲ್ಲಿ ಸೋರತೊಡಗಿದಾಗಲೂ ಹಾಗೇ ಮಾಡಿದ್ದ.

ಆ ಶನಿವಾರ ಬೆಳಿಗ್ಗೆ ಹೆಂಡತಿ ಪೇಪರನ್ನು ಕೈಯಿಂದ ಕಿತ್ತು ಮಡಚಿದಳು. "ರೀ, ಈ ನಲ್ಲೀನ ನೀವು ಮೂರನೇ ಕಾಲಂಗೆ ಹಾಕಿ ಹದಿನಾಲ್ಕು ತಿಂಗಳಾಯ್ತು. ನಿಮ್ಮ ಕೋಷ್ಟಕ ಹನ್ನೆರಡಕ್ಕೇ ಮುಗಿಯುತ್ತೆ ಅಲ್ವಾ?"

"ಹೌದು."

"ಹಾಗಾದ್ರೆ ಇದು ಈಗ ಎಲ್ಲಿ ಸೋರ್ತಾ ಇದೆ?"

ಕೇಂದ್ರ ಬ್ಯಾಂಕಿನ ಕೈಪಿಡಿಯಲ್ಲಿ ನಾಲ್ಕನೆಯ ಕಾಲಂ ಇರಲಿಲ್ಲ. ಮೀಸಲಪ್ಪ ಚಪ್ಪಲಿ ಮೆಟ್ಟಿ ಹೊರಟ.

"ಅಳತೆ ತಗೊಂಡ್ರಾ ಅಳಿಯಂದ್ರೇ?" ಎಂದು ಅತ್ತೆ ಒಳಗಿನಿಂದ ಕೂಗಿ ಕೇಳಿದರು. ಮಂಡಿನೋವಿನ ಅತ್ತೆ ಕುರ್ಚಿಯಿಂದ ಏಳುವುದು ಅಪರೂಪ, ಆದರೆ ಕುರ್ಚಿಯಿಂದಲೇ ಇಡೀ ಮನೆ ಅವರಿಗೆ ಕಾಣುತ್ತಿತ್ತು.

"ಹ್ಞೂಂ ಹ್ಞೂಂ" ಎಂದ ಮೀಸಲಪ್ಪ. ತೆಗೆದುಕೊಂಡಿರಲಿಲ್ಲ.

ಅಂಗಡಿಯವನು ವಾಷರುಗಳ ಡಬ್ಬಿ ಮುಂದಿಟ್ಟು, "ಎಷ್ಟು ಮಿಲಿಮೀಟರ್ ಸಾರ್?" ಎಂದ.

ಮನೆ ನಾಲ್ಕೇ ನಿಮಿಷದ ದಾರಿ. ಮರೆತೆ, ನೋಡಿಕೊಂಡು ಬರುತ್ತೇನೆ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪಕ್ಕದ ಸ್ಟೂಲಿನ ಮೇಲೆ ಕ್ಷೌರದಂಗಡಿಯವನು ಮೊಳೆ ಕೊಳ್ಳಲು ಬಂದು ಕೂತಿದ್ದ. ಅವನ ಮುಂದೆ, ದೇಶದ ಲೆಕ್ಕವನ್ನು ಬಿಂದುವಿನ ಬಲಗಡೆಯವರೆಗೂ ಇಡುವ ಮನುಷ್ಯ ಒಂದು ನಲ್ಲಿಯ ಅಳತೆ ಮರೆತೆ ಎಂದು ಹೇಗೆ ಹೇಳುವುದು? ಮೀಸಲಪ್ಪ ಗಂಟಲು ಸರಿಮಾಡಿಕೊಂಡ.

"ಎಲ್ಲಾ ಅಳತೆಯದೂ ಒಂದೊಂದು ಕೊಡಿ."

"ಎಲ್ಲಾನಾ? ಎಂಟರಿಂದ ಹತ್ತೊಂಬತ್ತರವರೆಗೆ ಹನ್ನೆರಡು ಆಗುತ್ತೆ. ಎಲ್ಲಾ ಹೊರದೇಶದ ಮಾಲು ಸಾರ್, ನಮ್ಮಲ್ಲಿ ಮಾಡೋರಿಲ್ಲ. ಇಷ್ಟೊಂದು ಯಾಕೆ?"

ಮೀಸಲಪ್ಪ ರಸ್ತೆಯ ಕಡೆ ನೋಡುತ್ತ, ತನ್ನ ಮರೆವನ್ನು ಮುಚ್ಚಲು ಸಾಕಾಗುವಷ್ಟು ಗಾಂಭೀರ್ಯದಿಂದ, "ಮುಂದೆ ಸಿಗಬೇಕಲ್ಲ" ಎಂದ.

ಅವನು ಮೆಟ್ಟಿಲಿಳಿದ ಮೇಲೆ ಅಂಗಡಿಯವನೂ ಕ್ಷೌರದವನೂ ವಾಷರಿನ ಡಬ್ಬಿಯೊಳಗೆ ಇಣುಕಿದರು.

"ಒಂದು ವಾಷರ್ ಎಷ್ಟು ದಿನ ಬಾಳಿಕೆ ಬರುತ್ತೆ?" ಎಂದ ಕ್ಷೌರದವನು.

"ಒಂದು ವರ್ಷ."

"ಹನ್ನೆರಡು ತಗೊಂಡ್ರು."

"ಹನ್ನೆರಡು."

"ಹೊರದೇಶದ ಮಾಲು ಹನ್ನೆರಡು ವರ್ಷ ಬರಲ್ಲ ಅಂತಾಯ್ತು" ಎಂದು ಕ್ಷೌರದವನು ಮೊಳೆ ಅಲ್ಲೇ ಬಿಟ್ಟು ಎದ್ದ.

ಕ್ಷೌರದ ಕುರ್ಚಿಯಲ್ಲಿ ಕೂತವನಿಗೆ ಕತ್ತಿಯ ಕೆಳಗೆ ಎದುರು ಮಾತಾಡುವ ಸ್ವಾತಂತ್ರ್ಯವಿಲ್ಲ. ಹಾಗಾಗಿ ಅಲ್ಲಿ ಕೇಳಿದ ಸುದ್ದಿ ಯಾವ ತಕರಾರೂ ಇಲ್ಲದೆ ಒಳಗಿಳಿಯುತ್ತದೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಜನ ಮುಖ ನುಣುಪು ಮಾಡಿಕೊಂಡು, ಮನಸ್ಸು ಒರಟು ಮಾಡಿಕೊಂಡು ಮನೆಗೆ ಹೋದರು. ಸೋಮವಾರ ದರ್ಜಿ ಆರು ವರ್ಷಕ್ಕಾಗುವಷ್ಟು ಹೊಲಿಗೆ ಸೂಜಿ ತರಿಸಿದ. ಹಲ್ಲಿನ ಡಾಕ್ಟರಮ್ಮ ಹುಳುಕು ಹಲ್ಲಿಗೆ ತುಂಬುವ ಪುಡಿಯನ್ನು ಮೂರು ಪೆಟ್ಟಿಗೆ ತರಿಸಿ, ಇನ್ನೂ ಹುಳುಕಾಗದ ಹಲ್ಲುಗಳ ಕಡೆಗೂ ಆಸೆಯಿಂದ ನೋಡತೊಡಗಿದರು. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಷರ್ ಖಾಲಿಯಾದವು. ನಲ್ಲಿ ಸೋರದವರೂ ಕೊಂಡಿದ್ದರು.

ಮಂಗಳವಾರ ನಿವೃತ್ತ ಹೆಡ್ ಮೇಷ್ಟ್ರು ಈ ವಿಷಯಕ್ಕೆ ಕೈ ಹಾಕಿದರು. ಅವರು ಮೂವತ್ತು ವರ್ಷ ಗಣಿತ ಕಲಿಸಿದವರು, ಅರ್ಧಂಬರ್ಧ ತರ್ಕ ಅವರಿಗೆ ಹಿಡಿಸುತ್ತಿರಲಿಲ್ಲ.

"ಸೂಜಿ ಕೊಳ್ತೀರಿ, ಪುಡಿ ಕೊಳ್ತೀರಿ. ಇದೆಲ್ಲ ಬರೋದು ಯಾತರಿಂದ? ಡಾಲರಿನಿಂದ. ಮೂಲವನ್ನೇ ಕೊಂಡಿಟ್ಟರೆ ಆಯ್ತಲ್ಲ" ಎಂದರು ಕ್ಷೌರದಂಗಡಿಯ ಬೆಂಚಿನಿಂದ.

ಬೀದಿಯ ಕೊನೆಯಲ್ಲಿ, ಔಷಧಿ ಅಂಗಡಿಯ ಪಕ್ಕ, ಸರ್ಕಾರದ ಪರವಾನಗಿ ಪಡೆದ ಒಂದು ಕರೆನ್ಸಿ ಅಂಗಡಿಯಿತ್ತು. ತಿಂಗಳಿಗೆ ನಾಲ್ಕೋ ಐದೋ ಜನ ಬಂದು ಡಾಲರ್ ಕೊಳ್ಳುವ ಜಾಗ. ಅದರ ಮಾಲೀಕ ಮಧ್ಯಾಹ್ನದ ಹೊತ್ತು ಗಾಜಿನ ಹಿಂದೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಬುಧವಾರ ಮೂರು ಗಂಟೆಗೆ ಯಾರೋ ಗಾಜು ಬಡಿದರು. ಎಚ್ಚರವಾಗಿ ನೋಡಿದರೆ ಎದುರಿಗೆ ಮೂವತ್ತೊಂದು ಜನ ಸಾಲಾಗಿ ನಿಂತಿದ್ದರು. ಕನಸಿರಬೇಕೆಂದು ಅವನು ಮತ್ತೆ ಕಣ್ಣು ಮುಚ್ಚಿದ.

ಈಗ ಒಂದು ಮಾತು ವಿವರಿಸಬೇಕು. ಆ ದೇಶದಲ್ಲಿ ಇಂಥ ಅಂಗಡಿಗಳಿಗೆ ಡಾಲರ್ ಕೊಡುವುದು ಕೇಂದ್ರ ಬ್ಯಾಂಕೇ. ಮಾರಿದ್ದರಲ್ಲಿ ಮರಳಿ ಬಂದದ್ದನ್ನು ಕಳೆದು, ತನಗೆ ಇನ್ನೆಷ್ಟು ಬೇಕು ಎಂಬ ಚೀಟಿಯನ್ನು ಪ್ರತಿ ಅಂಗಡಿಯೂ ಶುಕ್ರವಾರ ಕಳಿಸುತ್ತದೆ. ಆ ಚೀಟಿ ಹೋಗುವುದು ಕಿಟಕಿಯಿಂದ ಮೂರನೆಯ ಮೇಜಿಗೆ, ಕೋಷ್ಟಕದ ಮೊದಲನೆಯ ಕಾಲಂಗೆ. ಬೀದಿಯ ಅಂಗಡಿಯದು ಇನ್ನೂರ ಆರನೆಯ ಸಾಲು. ಹನ್ನೊಂದು ವರ್ಷದಿಂದ ಆ ಸಾಲಿನಲ್ಲಿ ಮೀಸಲಪ್ಪ ಬರೆಯುತ್ತ ಬಂದದ್ದು ಒಂದೇ ಅಂಕಿ: 0.0. ತಿಂಗಳಿಗೆ ಎರಡು ಸಾವಿರ ಡಾಲರ್ ಮಿಲಿಯನ್ ಲೆಕ್ಕದಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಹದಿನೈದನೆಯ ತಾರೀಖಿನ ಶುಕ್ರವಾರ ಬಂದ ಚೀಟಿಯಲ್ಲಿ 31,400 ಎಂದಿತ್ತು.

ಮೀಸಲಪ್ಪ ಕನ್ನಡಕ ಒರೆಸಿ ಮತ್ತೆ ಓದಿದ. ಅವನಿಗೆ ಹೊಳೆದದ್ದು ಇಷ್ಟೇ: ನಮ್ಮ ಬೀದಿಯವರಿಗೆ ಏನೋ ಗೊತ್ತಾಗಿದೆ, ನನಗೆ ಗೊತ್ತಿಲ್ಲ. ಹದಿನೇಳು ವರ್ಷ ಮೀಸಲು ವಿಭಾಗದಲ್ಲಿ ಕೂತು ದೇಶ ಮುಳುಗುವ ಸುದ್ದಿ ತನಗೇ ಕೊನೆಗೆ ತಿಳಿಯಬೇಕೇ ಎಂದು ದುಃಖವೂ ಆಯಿತು.

ಸಂಜೆ ನೇರ ಕ್ಷೌರದಂಗಡಿಗೆ ಹೋಗಿ, ಬೇಡದಿದ್ದರೂ ಕುರ್ಚಿ ಹತ್ತಿದ.

"ಏನಾದ್ರೂ ವಿಶೇಷ ಇದೆಯಾ?" ಎಂದ, ಕನ್ನಡಿಯಲ್ಲಿ ಕ್ಷೌರದವನ ಮುಖ ನೋಡುತ್ತ.

ತಲೆಯ ಒಂದು ಪಕ್ಕ ಮುಗಿಸಿದ್ದ ಕ್ಷೌರದವನ ಕತ್ತರಿ ಅಲ್ಲೇ ನಿಂತಿತು. "ನೀವೇ ಹೇಳಬೇಕು ಸಾರ್."

"ನಾನು ಹೇಳೋ ಹಾಗಿಲ್ಲ." ಇದು ನಿಯಮ. ಮೀಸಲು ವಿಭಾಗದವರು ಹೊರಗೆ ಆ ವಿಷಯ ಎತ್ತುವಂತಿಲ್ಲ; ಎತ್ತಿದವರಿಗೆ ಕೆಲಸವಿಲ್ಲ.

"ಅರ್ಥವಾಯ್ತು ಸಾರ್."

"ಏನು ಅರ್ಥವಾಯ್ತು?"

"ನೀವು ಹೇಳದೇ ಇದ್ದದ್ದು."

"ಅಷ್ಟು ಕೆಟ್ಟದಾಗಿದೆಯಾ?" ಎಂದು ಮೀಸಲಪ್ಪ ಸಣ್ಣ ದನಿಯಲ್ಲಿ ಕೇಳಿದ.

ಬೆಂಚಿನ ಮೇಲಿದ್ದ ಮೂವರೂ ಒಟ್ಟಿಗೆ ಎದ್ದು ಹೋದರು. ಅವರಲ್ಲಿ ಮೀಸಲಪ್ಪನಿಗಾಗಿ ಕುರ್ಚಿ ಬಿಟ್ಟುಕೊಟ್ಟಿದ್ದವನು ಅರ್ಧ ಮೀಸೆಯಲ್ಲೇ ಹೋದ.

ಆ ಚೀಟಿ ಕಂಡ ಮೇಲೆ, ದಿನವೂ ಲೆಕ್ಕ ಕಳಿಸುವಂತೆ ಬ್ಯಾಂಕು ಅಂಗಡಿಗೆ ಹೇಳಿತ್ತು; ಸೋಮವಾರ ಬೆಳಿಗ್ಗೆ ಅಂಕಿ 44,000 ಮುಟ್ಟಿತು. ಹನ್ನೊಂದು ಗಂಟೆಗೆ ನಿರ್ದೇಶಕಿ ಮೀಸಲಪ್ಪನನ್ನು ಕರೆಸಿದರು. ಅವರು ಮೃದುವಾಗಿ ಮಾತಾಡುವ ಹೆಂಗಸು, ವಿಭಾಗದವರಿಗೆ ಭಯವಿದ್ದದ್ದೇ ಆ ಮೃದುತ್ವದ ಬಗ್ಗೆ.

"ಇನ್ನೂರ ಆರನೇ ಸಾಲು. ಇದು ನೀವಿರೋ ಬೀದಿಯಲ್ವಾ?"

"ಹೌದು ಮೇಡಂ."

"ಹೊರಗೆ ಏನಾದ್ರೂ ಬಾಯಿ ಬಿಟ್ಟಿದ್ದೀರಾ?"

"ಹಲ್ಲಿನ ಡಾಕ್ಟರ ಹತ್ರ ಬಿಟ್ಟು ಬೇರೆಲ್ಲೂ ಬಿಟ್ಟಿಲ್ಲ ಮೇಡಂ."

ನಿರ್ದೇಶಕಿ ನಗಲಿಲ್ಲ. ಪೆನ್ಸಿಲಿನಿಂದ ಆ ಸಾಲನ್ನು ಮುಟ್ಟಿದರು. "ನೋಡಿ, ಐವತ್ತು ಸಾವಿರದ ಒಳಗಿದ್ರೆ ಇದು 0.0 ಅಂತಲೇ ಅಚ್ಚಾಗುತ್ತೆ. 0.0 ಅಂದ್ರೆ ಏನೂ ಆಗಿಲ್ಲ ಅಂತ. ಐವತ್ತು ಮುಟ್ಟಿದ್ರೆ 0.1 ಆಗುತ್ತೆ. ಹನ್ನೊಂದು ವರ್ಷ ಸೊನ್ನೆ ಇದ್ದ ಕಡೆ ಒಂದು ಬಂದ್ರೆ ಮೇಲಿನವರು ಕೇಳ್ತಾರೆ. ಕೇಳಿದ್ರೆ ಆ ಬೀದಿಯಲ್ಲಿ ಯಾರಿದ್ದಾರೆ ಅಂತ ನಾನು ಹೇಳಲೇಬೇಕು. ಆಮೇಲೆ ನಿಮ್ಮ ಮೇಜು ಯಾರಿಗೆ ಕೊಡೋದು ಅಂತಲೂ ಯೋಚಿಸಬೇಕು. ಕೋಷ್ಟಕ ಮುಚ್ಚೋದು ಈ ಶುಕ್ರವಾರ ನಾಲ್ಕು ಗಂಟೆಗೆ."

ಮೀಸಲಪ್ಪ ತನ್ನ ಜಾಗಕ್ಕೆ ಮರಳಿ, ಮೇಜನ್ನು ಒಮ್ಮೆ ಸವರಿದ. ಹದಿನೇಳು ವರ್ಷದ ಮೊಣಕೈಗಳು ಅದರ ಬಣ್ಣವನ್ನು ಎರಡು ಕಡೆ ತಿಂದಿದ್ದವು. ಏನಾದರೂ ಮಾಡಬೇಕು, ಆದರೆ ಮಾತಾಡುವಂತಿಲ್ಲ. ಮಾತಾಡದೆ ಜನರನ್ನು ಸಮಾಧಾನಪಡಿಸುವುದು ಹೇಗೆಂದು ಯೋಚಿಸಿ, ಮಂಗಳವಾರ ಬೆಳಿಗ್ಗೆ ಅವನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ನಗುಮುಖ ತೋರಿಸುತ್ತ ನಡೆದ. ದರ್ಜಿಗೆ ನಕ್ಕ, ಡಾಕ್ಟರಮ್ಮನಿಗೆ ನಕ್ಕ, ಕಟ್ಟಿಹಾಕಿದ್ದ ಒಂದು ನಾಯಿಗೂ ನಕ್ಕ.

ಹೆಡ್ ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡಿದರು. "ಹದಿನೇಳು ವರ್ಷದಲ್ಲಿ ಈ ಮನುಷ್ಯನ ಹಲ್ಲು ನಾನು ನೋಡಿರಲಿಲ್ಲ" ಎಂದರು ಪಕ್ಕದವರಿಗೆ. "ಪರಿಸ್ಥಿತಿ ಕೈಮೀರಿದೆ. ಮೇಲಿನವರು ನಗೋಕೆ ಆರ್ಡರ್ ಕೊಟ್ಟಿದ್ದಾರೆ."

ಬುಧವಾರ ಸಂಜೆಗೆ 58,600 ಆಯಿತು.

ಗುರುವಾರ ಸಂಜೆ ಆರು ಗಂಟೆಗೆ ಹಾರ್ಡ್‌ವೇರ್ ಅಂಗಡಿಯವನು ಮನೆಬಾಗಿಲಿಗೆ ಬಂದ. ಮೀಸಲಪ್ಪ ಊಟದ ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದ. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ತಂದ ದಿನದಿಂದ ವಾಷರಿನ ಪೊಟ್ಟಣವನ್ನು ಯಾರೂ ಬಿಚ್ಚಿರಲಿಲ್ಲ.

"ಸಾರ್, ಆ ಹನ್ನೆರಡು ವಾಷರ್ ನನಗೇ ಕೊಟ್ಟುಬಿಡಿ. ಮೂರು ಪಟ್ಟು ಕೊಡ್ತೀನಿ. ನೀವು ಕೊಂಡ ಮೇಲೆ ಬೀದಿಯೆಲ್ಲ ಮುಗಿಬಿದ್ದು ಡಬ್ಬಿ ಖಾಲಿಯಾಯ್ತು. 'ಮುಂದೆ ಸಿಗಬೇಕಲ್ಲ' ಅಂದ್ರಲ್ಲ, ಆ ಒಂದು ಮಾತಿಗೆ ಜನ ಡಾಲರಿಗೆ ಹೋಗಿ ನಿಂತ್ರು. ನಾನೂ ಎಂಟುನೂರು ತಗೊಂಡೆ."

ಮೀಸಲಪ್ಪ ನಿಧಾನವಾಗಿ ತಲೆಯೆತ್ತಿದ. ಅವನ ಮುಖದಲ್ಲಿ ಒಂದೊಂದೇ ಕಾಲಂ ಭರ್ತಿಯಾಗುತ್ತ ಬಂತು. ಅಂಗಡಿಯವನನ್ನು ಹೇಗೋ ಸಾಗಹಾಕಿ, ಹೆಂಡತಿಗೆ ಮೊದಲಿಂದ ಕೊನೆಯವರೆಗೂ ಹೇಳಿದ. ಬ್ಯಾಂಕಿನ ವಿಷಯ ಒಂದು ಅಕ್ಷರವನ್ನೂ ಮನೆಯಲ್ಲಿ ಆಡದವನು ಅವತ್ತು ನಿಯಮ ಮುರಿದ.

ಅವಳು ಪೂರ್ತಿ ಕೇಳಿದಳು. "ಅಳತೆ ಮರೆತು ಹೋಗಿದ್ದೆ ಅಂತ ಎಲ್ಲರಿಗೂ ಹೇಳಿಬಿಡಿ. ನಲ್ಲಿ ವಿಷಯ ಹೇಳಬಾರದು ಅಂತ ನಿಮ್ಮ ನಿಯಮದಲ್ಲಿ ಇದೆಯಾ?"

"ಇಲ್ಲ. ಆದ್ರೆ ನನ್ನ ಮಾನದ ಗತಿ? ಹದಿನೇಳು ವರ್ಷದಲ್ಲಿ ಒಂದು ದಶಮಾಂಶ ತಪ್ಪಿಲ್ಲ ನಾನು. ಸ್ವಲ್ಪ ದಿನ ಹೋಗ್ಲಿ, ಮೂರನೇ ಕಾಲಂನಲ್ಲಿ..."

"ಮೊದಲನೇ ಕಾಲಂಗೆ ಹಾಕಿ. ಈಗಲೇ ಹರಿದುಹೋಗ್ಲಿ." ಅವಳು ಆಗಲೇ ಬಾಗಿಲ ಹೊರಗೆ ನಿಂತು ಎದುರುಮನೆಯವರನ್ನು ಕರೆಯುತ್ತಿದ್ದಳು.

ಅರ್ಧ ಗಂಟೆಯಲ್ಲಿ ಹಜಾರ ತುಂಬಿತು. ಮೀಸಲಪ್ಪ ಎದ್ದು ನಿಂತು, ನೆಲ ನೋಡುತ್ತ, ಅವತ್ತು ನಲ್ಲಿಯ ಅಳತೆ ತೆಗೆದುಕೊಳ್ಳದೆ ಹೋಗಿದ್ದೆ, ನಾಚಿಕೆಯಾಗಿ ಎಲ್ಲ ಅಳತೆಯನ್ನೂ ಕೊಂಡೆ, ಬೇರೇನೂ ಇಲ್ಲ ಎಂದ.

ಹೆಡ್ ಮೇಷ್ಟ್ರು ಕನಿಕರದಿಂದ ತಲೆಯಾಡಿಸಿದರು. "ಪಾಪ. ಹೀಗೆ ಹೇಳು ಅಂತ ಇವರಿಗೆ ಬರೆದುಕೊಟ್ಟಿದ್ದಾರೆ."

"ಬಾಯಿಪಾಠ ಮಾಡಿದ ಹಾಗೇ ಇತ್ತು" ಎಂದರು ಡಾಕ್ಟರಮ್ಮ.

"ನಾಳೆ ಬೆಳಿಗ್ಗೇನೇ ಇನ್ನೊಂದು ಐನೂರು ತಗೋಬೇಕು" ಎಂದು ದರ್ಜಿ ಕ್ಷೌರದವನ ಕಿವಿಯಲ್ಲಿ ಹೇಳಿದ್ದು ಇಡೀ ಹಜಾರಕ್ಕೆ ಕೇಳಿಸಿತು.

ಆಗ ಹೆಂಡತಿ ಪೊಟ್ಟಣವನ್ನೂ ಸ್ಪ್ಯಾನರನ್ನೂ ತಂದು ಗಂಡನ ಕೈಗಿಟ್ಟಳು. "ಎಲ್ಲರೂ ಅಡುಗೆಮನೆಗೆ ಬನ್ನಿ. ಮಾತು ಬೇಡ, ಕಣ್ಣಾರೆ ನೋಡಿ."

ಮೇಲಿನ ಟ್ಯಾಂಕಿನಿಂದ ಬರುವ ಕೊಳವೆಯನ್ನು ಮುಚ್ಚಿ, ನಲ್ಲಿಯ ತಲೆ ಬಿಚ್ಚಿ, ಮೀಸಲಪ್ಪ ಎಂಟರ ವಾಷರ್ ಹಾಕಿದ. ನೀರು ಬಿಟ್ಟ. ಸೋರಿತು. ಒಂಬತ್ತು ಹಾಕಿದ. ಸೋರಿತು. ಹತ್ತು, ಹನ್ನೊಂದು, ಹನ್ನೆರಡು. ಹೆಡ್ ಮೇಷ್ಟ್ರು ತಮಗೇ ತಿಳಿಯದೆ ಜೋರಾಗಿ ಎಣಿಸತೊಡಗಿದ್ದರು. ಹದಿನಾಲ್ಕು ಕೂತಂತೆ ಮಾಡಿ ಜಾರಿತು, ನೀರು ನೇರ ಮೇಷ್ಟ್ರ ಕನ್ನಡಕಕ್ಕೆ ಹೊಡೆಯಿತು. ಅವರು ಕನ್ನಡಕ ಒರೆಸದೆ "ಹದಿನೈದು" ಎಂದರು. ಹದಿನೈದು ಒಳಗೆ ಇಳಿಯಲೇ ಇಲ್ಲ. ಅದರಾಚೆಯವು ಬಾಯಿಗೂ ಹತ್ತಲಿಲ್ಲ. ಹತ್ತೊಂಬತ್ತನ್ನು ಮುಗಿಸುವ ಹೊತ್ತಿಗೆ ಮೀಸಲಪ್ಪ ತಲೆಯಿಂದ ಮೊಣಕಾಲಿನವರೆಗೆ ತೊಯ್ದು, ಕೈಯಲ್ಲಿ ಸ್ಪ್ಯಾನರ್ ಹಿಡಿದು, ಅಡುಗೆಮನೆಯ ನಡುವೆ ನಿಂತಿದ್ದ. ನಲ್ಲಿ ಮೊದಲಿಗಿಂತ ಜೋರಾಗಿ ಸೋರುತ್ತಿತ್ತು.



"ಹನ್ನೆರಡಕ್ಕೆ ಹನ್ನೆರಡೂ ತಪ್ಪು" ಎಂದರು ಹೆಡ್ ಮೇಷ್ಟ್ರು, ಸೂತ್ರ ಬಿಡಿಸುವ ದನಿಯಲ್ಲಿ. "ದೇಶದ ಭವಿಷ್ಯ ತಿಳಿದ ಮನುಷ್ಯನಿಗೆ ಒಂದಾದರೂ ಸರಿಬರಬೇಕಿತ್ತು. ಇವರಿಗೆ ಏನೂ ಗೊತ್ತಿಲ್ಲ."

"ಏನೇನೂ ಗೊತ್ತಿಲ್ಲ" ಎಂದ ಕ್ಷೌರದವನು, ಮೋಸಹೋದವನ ನೋವಿನಿಂದ.

"ಇಂಥವರನ್ನ ನಂಬಿ ನಾನು ಆರು ವರ್ಷದ ಸೂಜಿ ತರಿಸಿದೆ" ಎಂದ ದರ್ಜಿ.

ಹೊರಡುವಾಗ ಡಾಕ್ಟರಮ್ಮ ಮಾತ್ರ ಅವನ ಒದ್ದೆ ಭುಜ ತಟ್ಟಿ, "ಬೇಜಾರು ಮಾಡ್ಕೋಬೇಡಿ. ನೀವು ದಡ್ಡರು ಅಂತ ಗೊತ್ತಾಗಿ ನನಗೆ ಎಷ್ಟು ನೆಮ್ಮದಿಯಾಯ್ತು ಅಂದ್ರೆ ಹೇಳೋಕಾಗಲ್ಲ" ಎಂದರು.

ಶುಕ್ರವಾರ ಬೆಳಿಗ್ಗೆ ಕರೆನ್ಸಿ ಅಂಗಡಿಯ ಮುಂದೆ ಮತ್ತೆ ಸಾಲು. ಈ ಸಲ ಕೊಡುವವರದು. ಹೆಂಡತಿ ಔಷಧಿ ಅಂಗಡಿಯ ಕಟ್ಟೆಯ ಮೇಲೆ ಫೋನ್ ಹಿಡಿದು ಕೂತಳು. ಹನ್ನೊಂದಕ್ಕೆ 56,000. ಒಂದೂವರೆಗೆ 52,700. ಮೂರು ಗಂಟೆಗೆ ಹಾರ್ಡ್‌ವೇರ್‌ನವನು ತನ್ನ ಎಂಟುನೂರನ್ನು ಬೈದುಕೊಳ್ಳುತ್ತ ಕೊಟ್ಟುಹೋದ. ಮೀಸಲಪ್ಪನ ಮಾನ ಕರಗಿದಷ್ಟೂ ದೇಶದ ಮೀಸಲು ತುಂಬುತ್ತಿತ್ತು.

ಮೂರು ಗಂಟೆ ನಲವತ್ತೊಂದು ನಿಮಿಷಕ್ಕೆ ಹೆಂಡತಿಯ ಫೋನ್. "ಐವತ್ತು ಸಾವಿರದ ನಲವತ್ತು. ಸಾಲು ಮುಗೀತು ರೀ. ಇನ್ನು ಯಾರೂ ಇಲ್ಲ."

ಮೀಸಲಪ್ಪ ಕಣ್ಣು ಮುಚ್ಚಿದ. ನಲವತ್ತು ಡಾಲರಿನಿಂದ 0.1. ನಿರ್ದೇಶಕಿ ತಮ್ಮ ಕೋಣೆಯ ಗಾಜಿನಾಚೆಯಿಂದ ಗಡಿಯಾರ ನೋಡುತ್ತಿದ್ದರು. ಅವನು ಡ್ರಾಯರ್ ಎಳೆದು, ತನ್ನ ಸ್ವಂತದ್ದು ಎನ್ನಬಹುದಾದ ಒಂದು ಪೆನ್ನು, ಒಂದು ಸ್ಕೇಲು, ಒಂದು ಕರವಸ್ತ್ರವನ್ನು ಬೇರೆ ತೆಗೆದಿಟ್ಟ.

"ರೀ" ಎಂದಳು ಹೆಂಡತಿ. "ಅಮ್ಮ ಬರ್ತಾ ಇದ್ದಾರೆ."

"ಯಾವ ಅಮ್ಮ?"

"ನಮ್ಮಮ್ಮ. ಗೋಡೆ ಹಿಡ್ಕೊಂಡು ಒಬ್ಬರೇ ನಡ್ಕೊಂಡು ಬರ್ತಿದ್ದಾರೆ. ಇರಿ." ಫೋನಿನಲ್ಲಿ ಸ್ವಲ್ಪ ಹೊತ್ತು ಗದ್ದಲ. "ಅವರ ಹತ್ರ ನೂರು ಡಾಲರ್ ಇದೆಯಂತೆ."

"ಯಾವಾಗ ಕೊಂಡ್ರು?"

"ನೀವು ಬೀದಿಯಲ್ಲಿ ನಕ್ಕ ದಿನ. ಅಳಿಯಂದ್ರ ಕೆಲಸ ಹೋಗೋದು ಗ್ಯಾರಂಟಿ, ಮಗಳ ಕೈಗೆ ಏನಾದ್ರೂ ಇರಲಿ ಅಂತ ಡಾಕ್ಟರಮ್ಮನ ಕೈಲಿ ತರಿಸಿಟ್ಟಿದ್ದರಂತೆ."

"ಸರಿ ಸರಿ, ಬೇಗ ಕೊಡೋಕೆ ಹೇಳು."

"ಕೊಡ್ತಾ ಇಲ್ಲ. ಕೊಂಡ ದಿನದ ದರವೇ ಬೇಕಂತೆ. ಅಂಗಡಿಯವರು ಈಗ ದರ ಇಳಿದಿದೆ ಅಂತಿದ್ದಾರೆ. ಅಮ್ಮ ಅಲ್ಲೇ ಕುರ್ಚಿ ಹಾಕಿಸ್ಕೊಂಡು ಕೂತಿದ್ದಾರೆ."

"ಅತ್ತೆಗೆ ಫೋನ್ ಕೊಡು." ಗಡಿಯಾರ ಮೂರು ಐವತ್ತು ತೋರಿಸುತ್ತಿತ್ತು. "ಅತ್ತೇ, ವ್ಯತ್ಯಾಸ ನಾನು ಕೊಡ್ತೀನಿ."

"ಯಾವ ಸಂಬಳದಲ್ಲಿ ಅಳಿಯಂದ್ರೇ?" ಎಂದರು ಅತ್ತೆ ತಣ್ಣಗೆ.

"ನೀವು ಈಗ ಕೊಟ್ಟರೆ ಉಳಿಯೋ ಸಂಬಳದಲ್ಲಿ."

ಅತ್ತೆ ಯೋಚಿಸಿದರು. ಯೋಚನೆ ಮೂರು ಐವತ್ತಮೂರರಿಂದ ಐವತ್ತಾರರವರೆಗೆ ನಡೆಯಿತು. "ಮನೆಗೆ ಬಂದು ನಲ್ಲಿ ಅಳತೆ ತಗೋತೀರಾ?"

"ತಗೋತೀನಿ."

"ಯಾವ ಕಾಲಂ?"

"ಮೊದಲನೇದು, ಅತ್ತೆ. ಇವತ್ತೇ."

ನಾಲ್ಕಕ್ಕೆ ಎರಡು ನಿಮಿಷವಿದ್ದಾಗ ಇನ್ನೂರ ಆರನೆಯ ಸಾಲಿನ ಅಂಗಡಿಯ ಚೀಟಿ ಫ್ಯಾಕ್ಸಿನಲ್ಲಿ ಮೀಸಲಪ್ಪನ ಮೇಜಿಗೆ ಬಂತು. 49,940. ಅವನು ಮೊದಲನೆಯ ಕಾಲಂನಲ್ಲಿ 0.0 ಎಂದು ಬರೆದು ನಿರ್ದೇಶಕಿಯ ಕೋಣೆಗೆ ಒಯ್ದ. ಅವರು ಆ ಸಾಲಿನ ಮೇಲೆ ಪೆನ್ಸಿಲ್ ಆಡಿಸಿ ಸಹಿ ಹಾಕಿದರು.

"ಏನೂ ಆಗಿಲ್ಲ" ಎಂದರು. ಆಮೇಲೆ, ಕಾಗದದಿಂದ ಕಣ್ಣೆತ್ತದೆ, "ನಿಮ್ಮ ತಲೆಕೂದಲು ಒಂದು ಕಡೆ ಮಾತ್ರ ಕತ್ತರಿಸಿದೆ" ಎಂದರು.

ಸಂಜೆ ಐದೂ ನಲವತ್ತಕ್ಕೆ ಅವನು ಬೀದಿಗೆ ಬಂದಾಗ ಯಾರೂ ಅವನ ಮುಖದಲ್ಲಿ ಏನನ್ನೂ ಓದಲಿಲ್ಲ. ಕ್ಷೌರದವನು, "ಬನ್ನಿ ವಾಷರಪ್ಪನೋರೇ, ಇನ್ನರ್ಧ ಮುಗಿಸೋಣ" ಎಂದ. ಹೊಸ ಹೆಸರು ಆಗಲೇ ಬೀದಿಯ ಆ ತುದಿ ಮುಟ್ಟಿತ್ತು. ಅವನು ತಲೆ ಬಗ್ಗಿಸಿಕೊಂಡು ಡಾಕ್ಟರಮ್ಮನ ಮನೆಗೆ ಹೋಗಿ, ಅವರು ಹಲ್ಲು ಅಳೆಯುವ ಸಣ್ಣ ಉಕ್ಕಿನ ಮಾಪಕವನ್ನು ಕೇಳಿ ತಂದ.

ಅಡುಗೆಮನೆಯ ಬಾಗಿಲಿಗೆ ಅತ್ತೆಯ ಕುರ್ಚಿ ಬಂದಿತ್ತು. ಹೆಂಡತಿ ಟಾರ್ಚ್ ಹಿಡಿದಳು. ಮೀಸಲಪ್ಪ ನಲ್ಲಿಯ ಬಾಯಿಗೆ ಮಾಪಕ ಹಾಕಿ, ಒಂದು ಕಣ್ಣು ಮುಚ್ಚಿ ಓದಿದ. ಒರೆಸಿ ಇನ್ನೊಮ್ಮೆ ಓದಿದ. ಮೂರನೆಯ ಸಲವೂ ಓದಿದ.

"ಹದಿನಾಲ್ಕಾ ಹದಿನೈದಾ, ಹೇಳಿಬಿಡಿ" ಎಂದಳು ಹೆಂಡತಿ.

"ಬರ್ಕೋ" ಎಂದ ಮೀಸಲಪ್ಪ. "ಹದಿನಾಲ್ಕು ಬಿಂದು ಐದು ಮಿಲಿಮೀಟರ್."